ಮೀಸಲು ಹಾಲಿನ ಕರು

ಮಲಪ್ರಭೆ ಹೊಳೆ ಮುತ್ತಲಗಟ್ಟಿಯ ಹತ್ತಿರ ಒಂದು ಕೆಂಪು ಬಂಡೆಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ. ಆ ಗುಡ್ಡದ ಪಕ್ಕೆಯಲ್ಲಿ, ಮಠವೆಂದು ಕರೆಯಲು ನಾಲಿಗೆ ಹಿಂದೆಮುಂದೆ ನೋಡುವಂಥ ಒಂದು ಗವಿಯಲ್ಲಿ, ಪರಮಪೂಜ್ಯ ನಿರಾಲಂಬ ಶಿವಯೋಗಿಗಳು ವಾಸವಾಗಿದ್ದರು. ಒಂದು ಕಂಬಳಿ, ಒಂದು ಬೆತ್ತ, ಒಂದು ಮಣ್ಣಿನ ಬಟ್ಟಲು, ಪೂಜ್ಯರ ಆಸ್ತಿಯೆಂದರೆ ಇಷ್ಟೇ. ಗವಿಗೆ ಕದವಿರಲಿಲ್ಲ. ಕದ್ದೊಯ್ಯುವಂಥದ್ದು ಒಳಗೆ ಏನೂ ಇಲ್ಲವೆಂದು ಊರವರು ನಗುತ್ತಿದ್ದರು. ಆ ಸೀಮೆಗೆ ಇನ್ನೂ ಮೋಟಾರು ಬಂದಿರದ ಕಾಲ ಅದು.

ಪೂಜ್ಯರು ಅನ್ನ ಮುಟ್ಟುತ್ತಿರಲಿಲ್ಲ. ರೊಟ್ಟಿ, ಕಾಳು, ಕಾಯಿಪಲ್ಲೆ ಯಾವುದೂ ಇಲ್ಲ, ಹಾಲಷ್ಟೇ. ತಾರುಣ್ಯದಲ್ಲಿ ಗುರುಗಳ ಹಿಂದೆ ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದಾಗ, ನೇಗಿಲ ಸಾಲಿನಲ್ಲಿ ಇಲಿಯ ಗೂಡೊಂದು ಸೀಳಿ, ಕಣ್ಣು ತೆರೆಯದ ಮರಿಗಳು ಹೊರಗೆ ಬಿದ್ದುದನ್ನು ಅವರು ಕಂಡರಂತೆ. ಹಿಂದೆಯೇ ಬಂದ ಕಾಗೆಗಳು ಆ ಮರಿಗಳನ್ನು ಎತ್ತಿಕೊಂಡು ಹೋದವು. ಒಂದು ತುತ್ತಿನ ಹಿಂದೆ ಇಷ್ಟು ಸಾವಿದೆಯೇ ಎಂದು ಅಂದು ಅವರ ಮನಸ್ಸು ಮುರಿಯಿತು. ಹಾಲೊಂದೇ ಯಾರ ಪ್ರಾಣವನ್ನೂ ತೆಗೆಯದ ಆಹಾರ, ಅದು ತಾಯಿ ತಾನಾಗಿ ಕೊಡುವುದು ಎಂದು ಗುರುಪಾದ ಮುಟ್ಟಿ ಕ್ಷೀರವ್ರತ ಹಿಡಿದರು. ‘ಹಾಲು ಕೊಲ್ಲದ ಅನ್ನ’ ಎಂಬ ಅವರ ಮಾತು ಸೀಮೆಗೆಲ್ಲ ಹೆಸರಾಯಿತು. ಜನ ಪ್ರೀತಿಯಿಂದ ಅವರನ್ನು ಹಾಲಪ್ಪಜ್ಜನವರೆಂದೇ ಕರೆದರು.

ಆ ಹಾಲನ್ನು ಬೆಳಿಗ್ಗೆ ಬೆಳಿಗ್ಗೆ ಗುಡ್ಡಕ್ಕೆ ಹೊತ್ತು ತರುತ್ತಿದ್ದವನು ಗೌಳೇರ ಓಣಿಯ ರಾಚಪ್ಪ. ಎಮ್ಮೆ ಕಟ್ಟಿ ಹಾಲು ಮಾರುವುದು ಅವನ ಮನೆತನದ ಕಸುಬು. ಅವನ ತಂದೆ ಪ್ರಾಣ ಬಿಡುವಾಗ ಹೊಲಮನೆಯ ವಿಚಾರವನ್ನೇ ಎತ್ತದೆ, ಅಜ್ಜಾರ ಹಾಲು ತಪ್ಪಬಾರದು ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ್ದ. ರಾಚಪ್ಪನಿಗೆ ಓದು ಬರಹವಿರಲಿಲ್ಲ, ಪೂಜೆ ಪುನಸ್ಕಾರವೂ ಸರಿಯಾಗಿ ಗೊತ್ತಿರಲಿಲ್ಲ. ಸತ್ತ ಮೇಲೆ ಶಿವನ ಎದುರು ನಿಂತಾಗ ತೋರಿಸಿಕೊಳ್ಳಲು ತನ್ನ ಕೈಯಲ್ಲಿರುವುದು ಈ ಒಂದು ಚರಿಗೆ ಹಾಲು ಮಾತ್ರ ಎಂದು ಅವನು ನಂಬಿದ್ದ. ಮಳೆ ಬರಲಿ, ಜ್ವರ ಬರಲಿ, ಹೊಳೆ ಉಕ್ಕಲಿ, ಚರಿಗೆ ಗವಿಯನ್ನು ಮುಟ್ಟುತ್ತಿತ್ತು. ಓಣಿಯವರು ಅವನನ್ನು ಅಜ್ಜಾರ ಆಕಳು ಎಂದು ಚುಡಾಯಿಸುತ್ತಿದ್ದರು. ಅವನಿಗೆ ಅದೂ ಬಿರುದಿನಂತೆ ಕೇಳಿಸುತ್ತಿತ್ತು.

ಪೂಜ್ಯರು ಚರಿಗೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ದಿನವೂ ಒಂದೇ ಮಾತು ಕೇಳುತ್ತಿದ್ದರು. “ಕರು ಕುಡಿದೈತೇನಪಾ?” ರಾಚಪ್ಪ “ಕುಡಿದೈತ್ರಿ ಅಪ್ಪಾರ” ಎನ್ನುತ್ತಿದ್ದ. ಆಮೇಲೇ ಅವರು ಹಾಲನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಿದ್ದರು. ರಾಚಪ್ಪನ ತಂದೆಯ ಕಾಲದಿಂದ ನಡೆದು ಬಂದ ಈ ಪ್ರಶ್ನೆ, ಈ ಉತ್ತರ, ದಿನವೂ ಹೇಳುವ ಮಂತ್ರದಂತೆ ಬಾಯಿಗೆ ರೂಢಿಯಾಗಿ ಹೋಗಿದ್ದವು. ಹೇಳುವವನಾಗಲಿ ಕೇಳುವವರಾಗಲಿ ಅದರ ಮೇಲೆ ನಿಂತು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

ಗೌಳಿಗರ ಪದ್ಧತಿ ಹೀಗಿತ್ತು. ಹಾಲು ಕರೆಯುವ ಹೊತ್ತಿಗೆ ಮೊದಲು ಕರುವನ್ನು ಬಿಡುತ್ತಿದ್ದರು. ಅದು ನಾಲ್ಕು ಗುಟುಕು ಚೀಪಿದ ಮೇಲೆ ಎಮ್ಮೆ ತೊರೆ ಬಿಡುತ್ತಿತ್ತು, ಎಂದರೆ ಕೆಚ್ಚಲಲ್ಲಿ ಹಿಡಿದಿಟ್ಟ ಹಾಲನ್ನು ಇಳಿಸುತ್ತಿತ್ತು. ಆಗ ಕರುವನ್ನು ಎಳೆದು ಕಟ್ಟಿ ಕರೆದುಕೊಳ್ಳುತ್ತಿದ್ದರು. ಮಾರುವ ಹಾಲಿನಲ್ಲಿ ಕರುವಿಗೆ ಎಷ್ಟು ಉಳಿಯುತ್ತಿತ್ತೋ ಶಿವನೇ ಬಲ್ಲ. ಆದರೆ ಪೂಜ್ಯರಿಗಾಗಿ ಮೀಸಲಿಟ್ಟ ಎಮ್ಮೆಯಲ್ಲಿ ಮಾತ್ರ ರಾಚಪ್ಪನ ತಂದೆ ಎರಡು ಮೊಲೆ ಕರೆದು, ಎರಡನ್ನು ಕರುವಿಗೇ ಬಿಡುತ್ತಿದ್ದ.

ಮಗ ಈ ಪದ್ಧತಿಯನ್ನು ಕೆಡಿಸಿದ್ದು ದುರಾಸೆಯಿಂದಲ್ಲ, ಭಕ್ತಿ ಹೆಚ್ಚಾಗಿ. ಒಂದು ಶ್ರಾವಣದಲ್ಲಿ ಪರಊರಿನ ಶಾಸ್ತ್ರಿಗಳೊಬ್ಬರು ಊರ ಗುಡಿಗೆ ಪುರಾಣ ಹೇಳಲು ಬಂದಿದ್ದರು. ಮಹಾತ್ಮರಿಗೆ ಅರ್ಪಿಸುವ ಪದಾರ್ಥ ಎಂಜಲಾಗಿರಬಾರದು, ಎಂಜಲು ಬಡಿಸಿದವನಿಗೆ ನರಕದಲ್ಲೂ ಜಾಗ ಸಿಗುವುದಿಲ್ಲ ಎಂದು ಅವರು ಕಣ್ಣರಳಿಸಿ ಹೇಳಿದರು. ಶಾಸ್ತ್ರಿಗಳು ಕರುವಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅದನ್ನು ತನ್ನಷ್ಟಕ್ಕೆ ತಾನೇ ಎತ್ತಿಕೊಂಡವನು ಕಂಬಕ್ಕೆ ಒರಗಿ ಕುಳಿತಿದ್ದ ರಾಚಪ್ಪ. ಕರು ಬಾಯಿ ಹಾಕಿದ ಮೊಲೆಯಿಂದ ಕರೆದ ಹಾಲು ಎಂಜಲಲ್ಲದೆ ಮತ್ತೇನು? ಇಷ್ಟು ವರ್ಷ ತಾನು, ತನ್ನ ತಂದೆ, ಶಿವಯೋಗಿಗಳಿಗೆ ಎಂಜಲು ಕುಡಿಸಿದೆವಲ್ಲ ಎಂದು ಅವನಿಗೆ ಭಯವಾಯಿತು. ಯಾರನ್ನಾದರೂ ಕೇಳಿದ್ದರೆ ನಕ್ಕು ತಿದ್ದುತ್ತಿದ್ದರು. ಭಯಭಕ್ತಿಯವರು ಕೇಳುವುದಿಲ್ಲ, ಮಾಡಿಬಿಡುತ್ತಾರೆ.

ಆ ಸಲ ಮೀಸಲಿಗೆ ಬಿಟ್ಟದ್ದು ತುಂಗಿ ಎಂಬ ಎಮ್ಮೆಯನ್ನು. ಚೊಚ್ಚಲು ಈದಿತ್ತು. ಕೋಣಗರು. ಹೆಣ್ಣುಗರುವಾದರೆ ನಾಳೆ ಎಮ್ಮೆಯಾಗುತ್ತದೆಂದು ಗೌಳಿಗರು ಜೋಪಾನ ಮಾಡುತ್ತಾರೆ, ಕೋಣಗರು ಇದ್ದರೂ ಇಲ್ಲದಿದ್ದರೂ ಅಷ್ಟೇ. ರಾಚಪ್ಪ ಆ ಕರುವಿನ ಬಾಯಿಗೆ ಹಗ್ಗದ ಕುಕ್ಕೆ ಕಟ್ಟಿದ. ಕುಕ್ಕೆ ಕಟ್ಟಿದ ಕರುವನ್ನು ತಾಯಿಯ ಮುಂದೆ ನಿಲ್ಲಿಸುತ್ತಿದ್ದ. ಅದರ ಮೈ ನೆಕ್ಕುತ್ತ ತುಂಗಿ ತೊರೆ ಬಿಡುತ್ತಿತ್ತು. ಅವನು ಕೆಚ್ಚಲನ್ನು ಬಿಸಿನೀರಿನಿಂದ ತೊಳೆದು, ಶಿವಶಿವಾ ಎನ್ನುತ್ತ, ನಾಲ್ಕೂ ಮೊಲೆಯ ಹಾಲನ್ನು ಮೀಸಲು ಚರಿಗೆಗೆ ಕರೆದುಕೊಳ್ಳುತ್ತಿದ್ದ. ಕರುವಿಗೆ ಜೋಳದ ಅಂಬಲಿ ಕುಡಿಸುತ್ತಿದ್ದ. ಗವಿಯಲ್ಲಿ ಪೂಜ್ಯರು ಕೇಳಿದಾಗ, ಅಂಬಲಿಯಾದರೇನು, ಕುಡಿದದ್ದಂತೂ ಹೌದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು “ಕುಡಿದೈತ್ರಿ” ಎನ್ನುತ್ತಿದ್ದ.

ಅವನ ಹೆಂಡತಿ ಶಂಕ್ರವ್ವ ಬೇಡವೆಂದಳು. ಕರುವಿನ ಪಕ್ಕೆ ಎಣಿಸುವ ಹಾಗಾಗಿದೆ, ಒಂದು ಮೊಲೆಯನ್ನಾದರೂ ಬಿಡಿ ಎಂದಳು. ಅಜ್ಜಾರಿಗೆ ಎಂಜಲು ಕೊಡು ಅಂತೀಯಾ ಎಂದು ಅವನು ಸಿಡುಕಿದ. ಅವಳು ಕದ್ದು ಕುಡಿಸಬಾರದೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಆ ಕರು ಕುಕ್ಕೆ ಕಟ್ಟಿದ ಮೂತಿಯಿಂದಲೇ ತಾಯಿಯ ಕೆಚ್ಚಲನ್ನು ಗುದ್ದುತ್ತಿತ್ತು. ಹಾಲು ಕುಕ್ಕೆಯ ಹಗ್ಗಕ್ಕೆ ತಾಗಿ ಒದ್ದೆಯಾದರೆ ಆ ಹಗ್ಗವನ್ನೇ ಒಳಗಿನಿಂದ ಚೀಪುತ್ತಿತ್ತು. ಮೊದಲು ಭೇದಿಯಾಯಿತು, ಆಮೇಲೆ ಹಿಂಗಾಲು ಬಿದ್ದವು, ಆಮೇಲೆ ಒಂದು ಬೆಳಗಿನ ಹೊತ್ತು ತಾಯಿಯ ಕಾಲಬುಡದಲ್ಲಿ ಸತ್ತು ಬಿದ್ದಿತ್ತು. ಕುಕ್ಕೆ ಬಾಯಲ್ಲೇ ಇತ್ತು. ಶಂಕ್ರವ್ವ ಕುಳಿತು ಅದನ್ನು ಬಿಚ್ಚಿದಳು. ಗಂಡನ ಜೊತೆ ಅವಳು ಬಹಳ ದಿನ ಮಾತಾಡಲಿಲ್ಲ.

ಕರು ಸತ್ತರೆ ಎಮ್ಮೆ ತೊರೆ ಬಿಡುವುದಿಲ್ಲ. ಅದಕ್ಕೆ ಗೌಳೇರ ಓಣಿಯಲ್ಲಿ ಹಳೆಯ ಉಪಾಯವೊಂದಿತ್ತು, ಎಲ್ಲರ ಕೊಟ್ಟಿಗೆಯಲ್ಲೂ ಒಂದಲ್ಲ ಒಂದು ಸಲ ನಡೆದದ್ದೇ. ಸತ್ತ ಕರುವಿನ ತೊಗಲು ಸುಲಿದು, ಬಿಸಿಲಿಗೆ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಕೋಲಿನ ಕಾಲು ಕೊಟ್ಟು ನಿಲ್ಲಿಸುವುದು. ಅದನ್ನು ಹುಲ್ಲುಗರು ಎನ್ನುತ್ತಾರೆ. ಮೈಮೇಲೆ ಉಪ್ಪುನೀರು ಸವರಿ ಎಮ್ಮೆಯ ಮುಂದೆ ಇಟ್ಟರೆ, ಅದು ವಾಸನೆ ಹಿಡಿದು ನೆಕ್ಕುತ್ತದೆ. ನೆಕ್ಕುತ್ತ ನೆಕ್ಕುತ್ತ ತೊರೆ ಬಿಡುತ್ತದೆ. ಎಮ್ಮೆಗೇನು ತಿಳಿಯುತ್ತದೆ ಎಂದು ಓಣಿಯವರು ನಗೆಯಾಡುವುದೂ ಉಂಟು. ತುಂಗಿಗೆ ತಿಳಿದಿತ್ತೋ ಇಲ್ಲವೋ ನಮಗೆ ತಿಳಿಯದು. ಅದು ಹುಲ್ಲುಗರುವಿನ ಕಿವಿ ಸವೆಯುವವರೆಗೆ ನೆಕ್ಕಿತು. ಹಾಲು ಕೊಟ್ಟಿತು. ಮೀಸಲು ಚರಿಗೆ ಎಂದಿನಂತೆ ಗುಡ್ಡ ಹತ್ತಿತು. ಬಾಯಿ ಹಾಕುವ ಕರುವೇ ಇಲ್ಲವಾದ್ದರಿಂದ ಈಗ ಹಾಲು ಪೂರಾ ಶುದ್ಧವಾಯಿತೆಂದು ರಾಚಪ್ಪನಿಗೆ ಒಳಗೊಳಗೆ ಸಂತೋಷವೂ ಆಗಿತ್ತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ನಡೆದದ್ದು ಹಾಗೆಯೇ.

ಪೂಜ್ಯರು ಕೇಳುತ್ತಿದ್ದರು. ಅವನು ಕುಡಿದೈತ್ರಿ ಎನ್ನುತ್ತಿದ್ದ.

ಚಳಿಗಾಲದ ಹೊತ್ತಿಗೆ ಹುಲ್ಲುಗರುವಿನ ಹೊಟ್ಟೆಯ ಹೊಲಿಗೆ ಬಿಚ್ಚಿತು. ಅಂದಿನಿಂದ ತುಂಗಿ ತೊರೆ ಬಿಡುವುದನ್ನು ನಿಲ್ಲಿಸಿತು. ಹಿಂಡಿ ಮುಟ್ಟಲಿಲ್ಲ, ಮೇವು ಮೂಸಲಿಲ್ಲ, ಹಗಲೆಲ್ಲ ಆ ತೊಗಲಿಗೆ ಮೂತಿ ಆನಿಸಿ ನಿಲ್ಲುತ್ತಿತ್ತು. ಕೆಚ್ಚಲು ಬಿಗಿದು ಕಲ್ಲಾಯಿತು. ರಾಚಪ್ಪ ಹೊಸದಾಗಿ ಹೊಲಿದ, ಉಪ್ಪು ಸವರಿದ, ಬೆನ್ನು ನೀವಿದ, ಕೈಮುಗಿದ. ಹನಿ ಹಾಲು ಬರಲಿಲ್ಲ. ಕೊಟ್ಟಿಗೆಯಲ್ಲಿ ಬೇರೆ ಎಮ್ಮೆಗಳಿದ್ದವು, ಆದರೆ ಅವುಗಳ ಮೊಲೆಗೆ ಕರುಗಳು ಬಾಯಿ ಹಾಕಿದ್ದವು, ಆ ಹಾಲನ್ನು ಗವಿಗೆ ಒಯ್ಯುವ ಧೈರ್ಯ ಅವನಿಗಿರಲಿಲ್ಲ. ಮಠದ ಕಾರಭಾರ ನೋಡಿಕೊಳ್ಳುತ್ತಿದ್ದ ದುಂಡಯ್ಯ ಓಣಿಗೇ ಬಂದು, ಮುಪ್ಪಿನ ಜೀವ ನಿನ್ನೆಯಿಂದ ಉಪವಾಸವಿದೆ, ನಿನಗೆ ಆಗದಿದ್ದರೆ ಸೇವೆ ಬೇರೆಯವರಿಗೆ ಒಪ್ಪಿಸು ಎಂದು ನಾಲ್ಕು ಮಂದಿಯ ಎದುರು ಹೇಳಿಹೋದ. ರಾಚಪ್ಪನಿಗೆ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುವಂತಾಗಿತ್ತು.

ಅವನು ಬರಿಗೈಯಲ್ಲಿ ಗವಿಗೆ ಹೋದ. ಎಮ್ಮೆ ತೊರೆ ಬಿಡುತ್ತಿಲ್ಲ, ಒಂದು ಚಿಟಿಕೆ ವಿಭೂತಿ ಕೊಟ್ಟರೆ ಅದರ ಬೆನ್ನಿಗೆ ಹಚ್ಚುತ್ತೇನೆ ಎಂದು ಬೇಡಿಕೊಂಡ. ಪೂಜ್ಯರು ಉಪವಾಸದಿಂದ ಬಳಲಿದ್ದರು. ಆದರೂ ದನಿ ಎಂದಿನಂತೆ ಮೆತ್ತಗಿತ್ತು.

“ಕರು ಬಿಟ್ಟು ನೋಡಿದೇನು?”

“ಕರು ಮುಂದ ಐತ್ರಿ ಅಪ್ಪಾರ. ಆದ್ರೂ ಬಿಡವಲ್ಲಳ್ರಿ.”

ಪೂಜ್ಯರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ವಿಭೂತಿಯ ಗಟ್ಟಿಗೆ ಕೈ ಹಾಕಲಿಲ್ಲ, ಗೋಡೆಗೆ ಒರಗಿಸಿದ್ದ ಬೆತ್ತಕ್ಕೆ ಕೈ ಹಾಕಿದರು. “ನಡಿ, ನೋಡೂಣು” ಎಂದರು.

ಶಿವಯೋಗಿಗಳು ಗುಡ್ಡ ಇಳಿದರೆಂದರೆ ಸಣ್ಣ ಮಾತೇ? ಅವರು ಊರೊಳಗೆ ಕಾಲಿಟ್ಟುದನ್ನು ಕಂಡ ನೆನಪು ಎಷ್ಟೋ ಮಂದಿಗೆ ಇರಲೇ ಇಲ್ಲ. ಸುದ್ದಿ ಕಾಡ್ಗಿಚ್ಚಿನಂತೆ ಹರಡಿತು. ಹೆಂಗಸರು ಕೊಡದಲ್ಲಿದ್ದ ನೀರನ್ನು ದಾರಿಗೆ ಚೆಲ್ಲಿ ಧೂಳು ಅಡಗಿಸಿದರು. ದುಂಡಯ್ಯ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತ ಮುಂದೆ ಮುಂದೆ ಓಡಿದ. ಹಿಂದೊಮ್ಮೆ ಪೂಜ್ಯರು ಸತ್ತ ಗಿಳಿಯನ್ನು ಬದುಕಿಸಿದ್ದರೆಂಬ ಕಥೆ ಊರಲ್ಲಿತ್ತು. ಈ ಹೊತ್ತು ಏನೋ ಆಗಲಿದೆ ಎಂದು ಜನ ಗೌಳೇರ ಓಣಿಗೆ ನುಗ್ಗಿದರು. ಪೂಜ್ಯರ ಹಿಂದೆ ನಡೆಯುತ್ತಿದ್ದ ರಾಚಪ್ಪನಿಗೆ ಮಾತ್ರ ದಿಗಿಲು. ಅವರಿಗಿಂತ ಮೊದಲು ಓಡಿ ಆ ತೊಗಲನ್ನು ಮೇವಿನ ಬಣವೆಗೆ ತುರುಕಿಬಿಡಬೇಕೆಂದು ಅವನಿಗೆ ಅನ್ನಿಸುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಶಂಕ್ರವ್ವನಿಗೆ ದೂರದಿಂದಲೇ ಕಣ್ಸನ್ನೆ ಮಾಡಿದ. ಅವಳು ಕಂಡಳು. ಕಂಡೂ ಕಾಣದ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬದಿಗೆ ಸರಿದು ಪೂಜ್ಯರಿಗೆ ದಾರಿ ಬಿಟ್ಟಳು.

ಒಳಗೆ ತುಂಗಿ ನಿಂತಿತ್ತು. ಮುಂದೆ ಹುಲ್ಲುಗರು. ಕೂದಲು ಉದುರಿ ತೊಗಲು ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಕಣ್ಣಿದ್ದ ಕಡೆ ಹೊಲಿಗೆ ಹಾಕಿತ್ತು, ಒಂದು ಕಿವಿ ಇರಲಿಲ್ಲ. ಹೊಟ್ಟೆಯ ಹೊಲಿಗೆ ಮತ್ತೆ ಬಿಚ್ಚಿ ಹುಲ್ಲು ಹೊರಗೆ ಜೋತುಬಿದ್ದಿತ್ತು. ತುಂಗಿ ಆ ಹುಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ. ಮೇವು ಬಿಟ್ಟು ಪಕ್ಕೆ ಒಳಗೆ ಹೋದ ಎಮ್ಮೆ, ಮೂತಿಯ ಎದುರಿಗೇ ಹುಲ್ಲಿದ್ದರೂ ಅದರ ಸುತ್ತಲಿನ ತೊಗಲನ್ನಷ್ಟೇ ನೆಕ್ಕುತ್ತಿತ್ತು.

ಪೂಜ್ಯರು ಹತ್ತಿರ ಹೋಗಿ ಹುಲ್ಲುಗರುವಿನ ತಲೆ ಮುಟ್ಟಲು ಬಾಗಿದರು. ತುಂಗಿ ಬುಸುಗುಟ್ಟಿತು. ತಲೆ ತಗ್ಗಿಸಿ, ಕೊಂಬನ್ನು ಅವರ ಎದೆಗೆ ಹಿಡಿದು, ತನ್ನ ಕರುವಿಗೂ ಅವರಿಗೂ ನಡುವೆ ಬಂದು ನಿಂತುಬಿಟ್ಟಿತು. ತಲೆಯ ಮೇಲೆ ಬಿದ್ದರೆ ಸಾಕೆಂದು ಹತ್ತೂರಿನ ಜನ ಕಾಯುವ ಪೂಜ್ಯರ ಕೈ ಅದು. ದುಂಡಯ್ಯ ಗಾಬರಿಯಿಂದ ಕೋಲು ಹುಡುಕಿದ. ಪೂಜ್ಯರು ಅವನನ್ನು ಕೈಯಾಡಿಸಿ ತಡೆದು, ತಾವೇ ಹಿಂದಕ್ಕೆ ಸರಿದರು. ಸರಿದು, ಬೆತ್ತವನ್ನು ನೆಲಕ್ಕಿಟ್ಟು, ಎಮ್ಮೆಯ ಮುಂದೆ ಎರಡೂ ಕೈ ಜೋಡಿಸಿ ನಿಂತರು. ತುಂಗಿ ಕೊಂಬನ್ನು ಮೇಲೆತ್ತಲಿಲ್ಲ.

“ಇದಕ್ಕ ಏನಾತು?” ಎಂದು ಪೂಜ್ಯರು ಕೇಳಿದರು.

ರಾಚಪ್ಪ ಅಲ್ಲಿಯೇ ಸಗಣಿಯ ಮೇಲೆ ಕುಸಿದ. ಶಾಸ್ತ್ರಿಗಳ ಪುರಾಣದಿಂದ ಹಿಡಿದು ಕುಕ್ಕೆಯವರೆಗೆ, ಕುಕ್ಕೆಯಿಂದ ಅಂಬಲಿಯವರೆಗೆ, ಅಂಬಲಿಯಿಂದ ತೊಗಲಿನವರೆಗೆ, ಎಲ್ಲವನ್ನೂ ಹೇಳಿದ. ಅಳುತ್ತ ಹೇಳಿದ್ದರಿಂದ ಅರ್ಧ ಮಾತು ಯಾರಿಗೂ ಕೇಳಿಸಲಿಲ್ಲ. ಕೊನೆಯದು ಮಾತ್ರ ಸ್ಪಷ್ಟವಾಗಿ ಕೇಳಿತು. “ನಿಮ್ಮ ಹಾಲು ಎಂಜಲಾಗಬಾರದಂತ ಮಾಡಿದ್ನಿರಿ ಅಪ್ಪಾರ. ಮೀಸಲಂತ ಮಾಡಿದ್ನಿ.”

ಪೂಜ್ಯರಿಗೆ ಸಿಟ್ಟು ಬಂದಿದ್ದರೆ ರಾಚಪ್ಪ ಬದುಕಿಕೊಳ್ಳುತ್ತಿದ್ದ. ಸಿಟ್ಟು ಬರಲಿಲ್ಲ. ಯಾವ ಆಧಾರದ ಮೇಲೆ ಆ ಜೀವ ಅಷ್ಟು ವರ್ಷ ನಿಂತಿತ್ತೋ ಅದು ಅಲ್ಲಿ, ಎಲ್ಲರ ಕಣ್ಣೆದುರಿಗೆ, ಕುಸಿಯುತ್ತಿತ್ತು. ಅವರು ಹುಲ್ಲುಗರುವಿನ ಕಡೆ ಬೆರಳು ಮಾಡಿದರು.

“ಹಾಲು ಇದರದು” ಎಂದರು. “ಎಂಜಲ ಮಾಡಿದಾವ ನಾನು. ದಿನಾ ಕೇಳಿದ್ನಿ, ಕೇಳಿ ಕುಡಿದ್ನಿ. ಒಂದ್ ದಿನ ಬಂದು ನೋಡ್ಲಿಲ್ಲ.”

ಕೊಟ್ಟಿಗೆಯ ಆಚೆ ಗೂಟಗಳಲ್ಲಿ ಬೇರೆ ಎಮ್ಮೆಗಳ ಕರುಗಳನ್ನು ಮೋಟು ಹಗ್ಗದಲ್ಲಿ ಕಟ್ಟಿತ್ತು. ಅವುಗಳ ಕಡೆ ಕೈ ತೋರಿಸಿ, ಬಿಚ್ಚು ಎಂದು ಪೂಜ್ಯರು ಶಂಕ್ರವ್ವನಿಗೆ ಹೇಳಿದರು. ಅವಳು ಗಂಡನ ಮುಖ ನೋಡಲಿಲ್ಲ. ಒಂದೊಂದಾಗಿ ಹಗ್ಗ ಕಳಚಿದಳು. ಕರುಗಳು ಮುಗ್ಗರಿಸಿಕೊಂಡು ತಾಯಂದಿರ ಹೊಟ್ಟೆಯ ಕೆಳಗೆ ನುಗ್ಗಿದವು. ಚೀಪುವ ಚಪ್ಪರಿಸುವ ಸದ್ದು ಕೊಟ್ಟಿಗೆಯನ್ನೆಲ್ಲ ತುಂಬಿತು. ನೆರೆದವರಲ್ಲಿ ಕೆಲವರ ಮುಖ ಅರಳಿತು ಕೂಡ. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಸದ್ದಿಗೆ ತುಂಗಿ ಕಿವಿ ನಿಮಿರಿಸಿತು. ತಿರುಗಿ ಆ ಕರುಗಳನ್ನು ನೋಡಿತು. ಆಮೇಲೆ ತನ್ನ ಹುಲ್ಲುಗರುವನ್ನು ಮೂತಿಯಿಂದ ಮೆಲ್ಲಗೆ ದೂಡತೊಡಗಿತು. ಪಕ್ಕೆಯ ಗುಂಟ, ಹೊಟ್ಟೆಯ ಕೆಳಗೆ, ಕೆಚ್ಚಲ ಕಡೆಗೆ. ಕೋಲಿನ ಕಾಲುಗಳು ಜಾರಿ ಹುಲ್ಲುಗರು ಮಗ್ಗುಲಾಗಿ ಬಿತ್ತು. ತುಂಗಿ ಅದನ್ನು ಮತ್ತೆ ದೂಡಿತು. ಬಿದ್ದದ್ದನ್ನೇ ದೂಡಿತು. ಗಂಟಲಿನ ಆಳದಿಂದ, ಎಳೆಗರುವನ್ನು ಕರೆಯುವಾಗಿನ ಸಣ್ಣ ದನಿ ಬರುತ್ತಿತ್ತು. ಹಾಗೆ ಕರೆಯುತ್ತಲೇ ಅದು ತೊರೆ ಬಿಟ್ಟಿತು. ಯಾರೂ ಮುಟ್ಟದ ಕೆಚ್ಚಲಿನಿಂದ ಹಾಲು ತಾನಾಗಿ ಇಳಿದು, ನಾಲ್ಕೂ ಮೊಲೆಗಳಿಂದ ಹುಲ್ಲುಗರುವಿನ ಬಾಯಿಯ ಮೇಲೆ, ಹೊಲಿದ ಕಣ್ಣಿನ ಮೇಲೆ, ಸಗಣಿಯ ಮೇಲೆ ಸುರಿಯಿತು.

ಇದನ್ನು ಕಂಡು ದುಂಡಯ್ಯನ ಮೈ ನವಿರೆದ್ದಿತು. ಪವಾಡವಾಯಿತು, ಅಜ್ಜಾರ ದೃಷ್ಟಿ ಬಿದ್ದದ್ದೇ ತಡ ಎಮ್ಮೆ ಹಾಲು ಸುರಿಸಿತು ಎಂದು ಅವನು ಹೊರಗಿನವರಿಗೆ ಕೂಗಿ ಹೇಳಿದ. ಓಣಿಯಲ್ಲಿ ಜಯಕಾರ ಎದ್ದಿತು. ಅವನು ಗೋಡೆಯ ಗೂಡಿನಲ್ಲಿದ್ದ ಮೀಸಲು ಚರಿಗೆಯನ್ನು ಎಳೆದುಕೊಂಡು ತುಂಗಿಯ ಕೆಚ್ಚಲಿಗೆ ಹಿಡಿಯಲು ಬಾಗಿದ.

“ಮುಟ್ಟಬ್ಯಾಡ” ಎಂದರು ಪೂಜ್ಯರು.

ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ದುಂಡಯ್ಯ ಚರಿಗೆ ಹಿಡಿದುಕೊಂಡೇ ನಿಂತುಬಿಟ್ಟ. ಹಾಲು ಸುರಿದು ಸುರಿದು ಸಗಣಿಯಲ್ಲಿ ಇಂಗಿತು.

ರಾಚಪ್ಪ ಎದ್ದು ಬಂದು ಆ ತೊಗಲನ್ನು ಎತ್ತಿಕೊಳ್ಳಲು ಹೋದ. ಹೊಳೆಯ ದಂಡೆಯಲ್ಲಿ ಕುಣಿ ತೋಡಿ, ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತೇನೆ, ಅಪ್ಪಣೆ ಕೊಡಿ ಎಂದ. ಪೂಜ್ಯರು ತಲೆಯಲ್ಲಾಡಿಸಿದರು. ಒಂದು ಸಲ ಕಸಿದುಕೊಂಡಿದ್ದೇವೆ, ಎರಡನೆಯ ಸಲ ಬೇಡ, ಅವಳು ತಾನಾಗಿ ಬಿಡುವವರೆಗೆ ಅದು ಅಲ್ಲೇ ಇರಲಿ ಎಂದರು. ಆಗ ರಾಚಪ್ಪ ಅವರ ಪಾದ ಹಿಡಿದ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. ಆ ಮಾತಿಗಾಗಿ ಅವನು ಇಷ್ಟು ವರ್ಷ ಗುಡ್ಡ ಹತ್ತಿದ್ದ.

“ನನ್ನ ಪಾಪ ಹೋಗ್ತದೇನ್ರಿ ಅಪ್ಪಾರ?”

“ಹೋಗೂದಿಲ್ಲ” ಎಂದರು ಪೂಜ್ಯರು. “ನಂದೂ ಹೋಗೂದಿಲ್ಲ. ಕುಂದ್ರು.”

ಅವರೂ ಅವನ ಪಕ್ಕ ಆ ಒದ್ದೆ ನೆಲದ ಮೇಲೆ ಕುಳಿತರು. ಜಯಕಾರ ಹಾಕುತ್ತಿದ್ದವರು ಪವಾಡ ಮುಂದುವರಿಯುತ್ತದೆಂದು ಸ್ವಲ್ಪ ಹೊತ್ತು ಕಾದರು. ಏನೂ ಆಗದೆ ಇದ್ದಾಗ ಒಬ್ಬೊಬ್ಬರಾಗಿ ಚದುರಿದರು. ಸಂಜೆಯವರೆಗೆ ಇಬ್ಬರೂ ತುಂಗಿಯನ್ನು ನೋಡುತ್ತ ಕುಳಿತಿದ್ದರು. ಶಂಕ್ರವ್ವ ಒಳಗೆ ಹೋಗಿ ಜೋಳದ ರೊಟ್ಟಿ ಬಡಿದಳು. ಅವಳು ತಟ್ಟೆ ತಂದಿಟ್ಟಾಗ ಪೂಜ್ಯರು ಒಂದು ತುಂಡು ಮುರಿದು ಕೈಯಲ್ಲಿ ಹಿಡಿದುಕೊಂಡರು. ಇದರೊಳಗೂ ಜೀವಗಳು ಹೋಗಿವೆ ಎಂದರು, ಆದರೆ ಇದನ್ನು ಯಾವ ಕೂಸಿನ ಬಾಯಿಂದಲೂ ಕಸಿದದ್ದಲ್ಲ ಎಂದರು. ಗುರುಗಳಿಗೆ ಕೊಟ್ಟ ವಚನವನ್ನು ನೆನೆದು ಕಣ್ಣು ಮುಚ್ಚಿಕೊಂಡರು. ಆಮೇಲೆ ತಿಂದರು. ಗಂಟಲಿಗೆ ರೂಢಿ ತಪ್ಪಿದ್ದರಿಂದ ತುತ್ತು ಇಳಿಯಲು ಬಹಳ ಕಷ್ಟವಾಯಿತು, ಶಂಕ್ರವ್ವ ನೀರು ಕೊಟ್ಟಳು.

ಹಾಲಪ್ಪಜ್ಜನವರು ವ್ರತ ಮುರಿದರೆಂಬ ಸುದ್ದಿ ಮರುದಿನವೇ ಸೀಮೆಯಲ್ಲೆಲ್ಲ ಹಬ್ಬಿತು. ವ್ರತವಿಲ್ಲದ ಸ್ವಾಮಿ ಎಂಥ ಸ್ವಾಮಿ ಎಂದು ಜನ ಗುಡ್ಡ ಹತ್ತುವುದನ್ನು ಬಿಟ್ಟರು. ದುಂಡಯ್ಯನೂ ಬಿಟ್ಟ. ತುಂಗಿ ಆ ಚಳಿಗಾಲ ದಾಟಲಿಲ್ಲ. ಹುಲ್ಲುಗರುವಿನ ಮೇಲೆ ಕತ್ತು ಚಾಚಿ ಸತ್ತಿತು. ತಾಯಿಯನ್ನೂ ಆ ತೊಗಲನ್ನೂ ಒಂದೇ ಕುಣಿಯಲ್ಲಿ ಇಟ್ಟು ಪೂಜ್ಯರೂ ರಾಚಪ್ಪನೂ ಮಣ್ಣೆಳೆದರು. ರಾಚಪ್ಪ ಹಾಲಿನ ಕಸುಬು ಬಿಟ್ಟು ಕೂಲಿಗೆ ಹೋದ. ಉಳಿದ ಎಮ್ಮೆಗಳನ್ನು ಮಾರದೆ ಸಾಯುವವರೆಗೆ ಮೇಯಿಸಿದ. ಗೌಳೇರ ಓಣಿ ಅವನಿಗೆ ತಲೆಕೆಟ್ಟಿತೆಂದಿತು, ಮತ್ತು ಸತ್ತ ಕರುಗಳ ಹೊಟ್ಟೆಗೆ ಹುಲ್ಲು ತುಂಬುತ್ತಲೇ ಇತ್ತು. ಪೂಜ್ಯರಿಗಾಗಿ ಈಗ ಅವನು ಗುಡ್ಡಕ್ಕೆ ಹೊರುತ್ತಿದ್ದುದು ರೊಟ್ಟಿ, ಉಳ್ಳಾಗಡ್ಡಿ. ಅವರು ಅದನ್ನು ತೆಗೆದುಕೊಳ್ಳುವ ಮೊದಲು ಏನನ್ನೂ ಕೇಳುತ್ತಿರಲಿಲ್ಲ. ಇಬ್ಬರೂ ಮುರಿದುಕೊಂಡು ತಿನ್ನುತ್ತಿದ್ದರು. ಲಿಂಗೈಕ್ಯರಾಗುವಾಗಲೂ ಅವರ ಬಳಿ ಇದ್ದವರು ಆ ಗಂಡಹೆಂಡಿರು ಮಾತ್ರ.

ಬದುಕಿದ್ದಾಗ ಬಿಟ್ಟುಹೋದವರು ಲಿಂಗೈಕ್ಯರಾದ ಮೇಲೆ ತಿರುಗಿ ಬಂದರು. ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸಿದರು. ವ್ರತ ಮುರಿದ ಮಾತು ಹಿಂದಾಗಿ, ಎಮ್ಮೆ ಹಾಲು ಸುರಿಸಿದ ಪವಾಡ ಮುಂದೆ ಬಂತು. ದುಂಡಯ್ಯ ಅದನ್ನು ಚೆನ್ನಾಗಿ ಹೇಳುತ್ತಿದ್ದ. ಪುಣ್ಯತಿಥಿಗೆ ಹತ್ತೂರಿನಿಂದ ಕೊಡಗಟ್ಟಲೆ ಹಾಲು ಬಂದು ಗದ್ದುಗೆಯ ಮೇಲೆ ಹರಿದು, ಮೋರಿಯ ಮೂಲಕ ಹೊಳೆಗೆ ಸೇರತೊಡಗಿತು. ಮುದುಕನಾದ ರಾಚಪ್ಪ ಮೋರಿಯ ಪಕ್ಕದ ಬಂಡೆಯ ಮೇಲೆ ಕುಳಿತಿರುತ್ತಿದ್ದ. ಪ್ರಸಾದದ ಬಟ್ಟಲು ಕೊಡಲು ಬಂದವರನ್ನು, ಇದರ ಕರು ನೋಡಿ ಬಂದಿದ್ದೀರಾ ಎಂದು ಕೇಳುತ್ತಿದ್ದ. ಅವರು ನಕ್ಕು ಮುಂದೆ ಹೋಗುತ್ತಿದ್ದರು.

ಆ ಪವಾಡವನ್ನು ಕಣ್ಣಾರೆ ಕಂಡವನೆಂದು ದೂರದ ಭಕ್ತರು ಅವನನ್ನು ಹುಡುಕಿಕೊಂಡು ಬರುವುದಿತ್ತು. ಅಂದು ಏನಾಯಿತು ಹೇಳಿರೆಂದು ಕಾಲಿಗೆ ಬೀಳುತ್ತಿದ್ದರು. ಒಂದು ಕಾಲಕ್ಕೆ ತನ್ನ ಒಂದು ಚರಿಗೆ ಹಾಲನ್ನು ಶಿವನ ಮುಂದೆ ಹಿಡಿಯಬೇಕೆಂದಿದ್ದವನು ರಾಚಪ್ಪ. ಈಗ ಅವನಿಗೆ ಶಿವನಿಂದ ಬೇಕಾದದ್ದು ಏನೂ ಉಳಿದಿರಲಿಲ್ಲ. ಅವನು ಎಲ್ಲರಿಗೂ ಹೇಳಿದ್ದು ಇಷ್ಟನ್ನೇ:

“ತುಂಗಿ ಮುಂದ ಅಪ್ಪಾರು ಕೈ ಮುಗದು ನಿಂತಿದ್ರು. ಅಕಿ ಕ್ಷಮಾ ಮಾಡ್ಲಿಲ್ಲ.”